ಉಪಗೂಹನದ ಹೆಸರಿನಲ್ಲಿ ಮರೆಯಾದ ಸ್ಥಿತಿಕರಣ

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳೆಂಬುದು ಪಾಠಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಅವುಗಳಲ್ಲಿ ಐದನೆಯದು ಉಪಗೂಹನ, ಆರನೆಯದು ಸ್ಥಿತಿಕರಣ. ಸಹಧರ್ಮಿಯ ದೋಷವನ್ನು ಬೀದಿಗೆ ಎಳೆಯದೆ ಕಾಪಾಡುವುದು ಉಪಗೂಹನ. ಜಾರುತ್ತಿರುವವನನ್ನು ಕೈಹಿಡಿದು ಮರಳಿ ನಿಲ್ಲಿಸುವುದು ಸ್ಥಿತಿಕರಣ. ಇವೆರಡೂ ಒಂದರ ಪಕ್ಕದಲ್ಲಿ ಒಂದು ನಿಂತಿವೆ. ಒಂದನ್ನು ಬಿಟ್ಟರೆ ಇನ್ನೊಂದು ಪೂರ್ಣವಾಗದು. ಆದರೆ ಮನಸ್ಸಿನ ಕಾಯಿಲೆಯ ಮಾತು ಬಂದಾಗ ಸಮಾಜವು ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದೆ. ಅದನ್ನೂ ತಪ್ಪಾಗಿ ಹಿಡಿದುಕೊಂಡಿದೆ. ಎರಡನೆಯದು ಗ್ರಂಥದಲ್ಲಿಯೇ ಉಳಿದಿದೆ.

ತಪ್ಪಾಗಿ ಎನ್ನಲು ಕಾರಣ ಸ್ಪಷ್ಟ. ಉಪಗೂಹನವನ್ನು ಹೇಳಿರುವುದು ದೋಷವನ್ನು ಕುರಿತು. ಕಾಯಿಲೆ ದೋಷವಲ್ಲ. ಮದುವೆಯ ಪಂಕ್ತಿಯಲ್ಲಿ ಕುಳಿತವರು ‘ಸಕ್ಕರೆ ಕಾಯಿಲೆ, ಹೋಳಿಗೆ ಬೇಡ’ ಎಂದು ಗಟ್ಟಿಯಾಗಿಯೇ ಹೇಳುತ್ತಾರೆ. ಬಡಿಸುವವರು ಅಷ್ಟೇ ಸಹಜವಾಗಿ ಮುಂದೆ ಹೋಗುತ್ತಾರೆ. ಅದೇ ಪಂಕ್ತಿಯಲ್ಲಿ ‘ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಹೇಳಲು ಎಷ್ಟು ಜನರಿಗೆ ಧೈರ್ಯವಿದೆ? ಮನೆಯ ಹಿರಿಯ ಮಗನಿಗೆ ಚಿತ್ತವಿಕಲತೆ ಬಂದರೆ ಅತಿಥಿಗಳು ಬರುವ ದಿನ ಅವನಿಗೆ ಮಹಡಿಯ ಕೋಣೆ. ಕೇಳಿದವರಿಗೆ ‘ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ’ ಎಂಬ ಉತ್ತರ. ಮಗಳಿಗೆ ಬಂದರೆ ತೀರ್ಥಯಾತ್ರೆಯ ನೆಪದಲ್ಲಿ ದೂರದ ಊರಿನ ವೈದ್ಯರ ಭೇಟಿ. ಊರಿನ ಔಷಧದಂಗಡಿಯಲ್ಲಿ ಚೀಟಿ ತೋರಿಸಲು ಅಂಜಿಕೆ. ಸತ್ಯಾಣುವ್ರತವನ್ನು ಸ್ವೀಕರಿಸಿದ ಮನೆಯಲ್ಲಿಯೇ ದಿನಕ್ಕೊಂದು ಸುಳ್ಳು ಹುಟ್ಟುತ್ತದೆ, ಅದಕ್ಕೆ ಉಪಗೂಹನವೆಂಬ ಹೆಸರೂ ದೊರೆಯುತ್ತದೆ.

ಕೆಡುಕು ಇಷ್ಟಕ್ಕೇ ನಿಲ್ಲುವುದಿಲ್ಲ. ಚಿಕಿತ್ಸೆ ಫಲಿಸಿ, ಆ ಮಗ ಅಂಗಡಿಯ ಲೆಕ್ಕ ನೋಡಲು ಕುಳಿತ ಮೇಲೂ, ಆ ಮಗಳು ಮರಳಿ ಕಾಲೇಜಿಗೆ ಹೋದ ಮೇಲೂ ಮೌನ ಮುಂದುವರಿಯುತ್ತದೆ. ಹೀಗೆ ಊರಿನಲ್ಲಿ ಹತ್ತು ಮಂದಿ ಚೇತರಿಸಿಕೊಂಡಿದ್ದರೂ ಹನ್ನೊಂದನೆಯವನು ಕುಸಿದಾಗ ಅವನ ತಾಯಿಗೆ ‘ಇಂಥವರು ಇದನ್ನು ದಾಟಿ ಬಂದಿದ್ದಾರೆ’ ಎಂದು ತೋರಿಸಲು ಒಬ್ಬರೂ ಇರುವುದಿಲ್ಲ. ಆಕೆಯ ಕಣ್ಣಿಗೆ ಬೀಳುವುದು ಬಸ್ ನಿಲ್ದಾಣದಲ್ಲಿ ಹರಿದ ಬಟ್ಟೆಯಲ್ಲಿ ಅಲೆಯುವ ಅನಾಥ ಮಾತ್ರ. ತನ್ನ ಮಗನ ಗತಿಯೂ ಅದೇ ಎಂದು ಆಕೆ ತಿಳಿದರೆ ಆ ತಪ್ಪು ಆಕೆಯದಲ್ಲ. ವಾಸಿಯಾದವರನ್ನು ಅಡಗಿಸಿಟ್ಟ ಸಮಾಜದ್ದು.

ಇದು ಅಲ್ಲೊಂದು ಇಲ್ಲೊಂದು ಮನೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿದ್ದರು. ಅವರಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣವು ಕಾಯಿಲೆಯಿಂದ ಕಾಯಿಲೆಗೆ ಶೇಕಡಾ 70ರಿಂದ 92ರವರೆಗೆ ಇತ್ತು. ಜೈನ ಮನೆಗಳು ಈ ಲೆಕ್ಕದ ಹೊರಗಿವೆ ಎನ್ನಲು ಯಾವ ಆಧಾರವೂ ಇಲ್ಲ. ವೈದ್ಯರ ಕೊರತೆ ಇದಕ್ಕೆ ಒಂದು ಕಾರಣ, ಸಂದೇಹವಿಲ್ಲ. ಆದರೆ ವೈದ್ಯರಿರುವ ಊರಿನಲ್ಲಿಯೂ, ಹಣವಿರುವ ಮನೆಯಲ್ಲಿಯೂ ವರ್ಷಗಟ್ಟಲೆ ಚಿಕಿತ್ಸೆ ತಡವಾಗುವುದಕ್ಕೆ ನಾಚಿಕೆಯಲ್ಲದೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಈ ನಾಚಿಕೆಯನ್ನು ಕರಗಿಸಬಲ್ಲವರು ಯಾರು? ವೈದ್ಯರು ಕಾಯಿಲೆಯನ್ನು ಬಲ್ಲರು, ಔಷಧವನ್ನು ಬಲ್ಲರು. ಪ್ರವಚನಕಾರರು ತತ್ತ್ವವನ್ನು ಬಲ್ಲರು. ಆದರೆ ಮುಂಜಾನೆ ಹಾಸಿಗೆಯಿಂದ ಕಾಲು ಕೆಳಗಿಡಲಾರದೆ ಬಿದ್ದುಕೊಂಡ ಮನುಷ್ಯ ಹೇಗೆ ಎದ್ದ, ಎದ್ದ ಮೇಲೆ ಮೊದಲ ಬಾರಿ ಬಸದಿಯ ಮೆಟ್ಟಿಲು ಹತ್ತುವಾಗ ಜನರ ನೋಟವನ್ನು ಹೇಗೆ ತಾಳಿದ ಎಂಬುದನ್ನು ಬಲ್ಲವನು ಆ ಹಾದಿಯನ್ನು ನಡೆದವನೊಬ್ಬನೇ. ಅಂಥವನು ಈಗ ಅದೇ ಹಾದಿಯಲ್ಲಿರುವವನ ಪಕ್ಕದಲ್ಲಿ ಕುಳಿತು ನೀಡುವ ನೆರವನ್ನು ಅನುಭವಸ್ಥರ ಆಸರೆ ಎನ್ನಬಹುದು. ಅದು ಚಿಕಿತ್ಸೆಯಲ್ಲ, ಚಿಕಿತ್ಸೆಗೆ ಒಯ್ಯುವ ಮತ್ತು ಚಿಕಿತ್ಸೆಯಲ್ಲಿ ಉಳಿಸುವ ಬಲ.

ಈ ಅರಿವು ಎಷ್ಟು ನೇರವಾದದ್ದು ಎಂಬುದಕ್ಕೆ ಜೈನ ಮನೆಗಳಿಂದಲೇ ಮೂರು ನಿದರ್ಶನಗಳನ್ನು ಕೊಡಬಹುದು. ಮನೋವೈದ್ಯರು ಕೊಡುವ ಹಲವು ಮಾತ್ರೆಗಳು ನಿದ್ದೆ ತರುವಂಥವು. ಆದ್ದರಿಂದ ‘ರಾತ್ರಿ ಊಟದ ನಂತರ’ ಎಂದು ಚೀಟಿಯಲ್ಲಿ ಬರೆಯುತ್ತಾರೆ. ರಾತ್ರಿಭೋಜನ ತ್ಯಾಗ ಮಾಡಿದ ಶ್ರಾವಿಕೆ ಆ ಚೀಟಿಯನ್ನು ಮೌನವಾಗಿ ಮಡಚಿಟ್ಟು ಮಾತ್ರೆಯನ್ನೇ ಬಿಡುತ್ತಾಳೆ. ಹೇಳಿದರೆ ವೈದ್ಯರು ನಕ್ಕಾರೆಂಬ ಅಳುಕು ಅವಳಿಗೆ. ವೈದ್ಯರಿಗೋ ಕೇಳಬೇಕೆಂಬುದೇ ಹೊಳೆದಿರುವುದಿಲ್ಲ. ಎರಡನೆಯದು ಕ್ಯಾಪ್ಸೂಲಿನ ಕವಚ. ಅದು ಸಾಮಾನ್ಯವಾಗಿ ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆದ ಜೆಲಟಿನ್‌ನಿಂದ ಆದದ್ದು. ಅದನ್ನು ತಿಳಿದ ದಿನವೇ ಅಹಿಂಸಾವ್ರತಿಯು ಔಷಧವನ್ನು ನಿಲ್ಲಿಸಿದರೆ ಅವನ ವ್ರತನಿಷ್ಠೆಯನ್ನು ಹಳಿಯಲಾಗದು, ಆದರೆ ಕಾಯಿಲೆ ಮರುಕಳಿಸುವುದನ್ನೂ ತಡೆಯಲಾಗದು. ಮೂರನೆಯದು ಇನ್ನೂ ಅಪಾಯಕರ. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಕಾಯಿಲೆಗೆ ಲಿಥಿಯಂ ಎಂಬ ಔಷಧವುಂಟು. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ಔಷಧವೇ ವಿಷವಾಗಬಹುದು. ದಶಲಕ್ಷಣ ಪರ್ವದಲ್ಲಿ ನೀರನ್ನೂ ಬಿಟ್ಟು ಉಪವಾಸ ಮಾಡುವವರಿಗೆ ಇದನ್ನು ಯಾರು ಮುಂಚಿತವಾಗಿ ಹೇಳಬೇಕು?

ಹೇಳಬಲ್ಲವರು ಸಮಾಜದೊಳಗೇ ಇದ್ದಾರೆ. ವೈದ್ಯರೊಡನೆ ಮಾತನಾಡಿ ಮಾತ್ರೆಯ ಹೊತ್ತನ್ನು ಸೂರ್ಯಾಸ್ತಕ್ಕೆ ಮುಂಚೆ ಬದಲಿಸಿಕೊಂಡವರು, ಕ್ಯಾಪ್ಸೂಲಿಗೆ ಬದಲಾಗಿ ಅದೇ ಔಷಧದ ಮಾತ್ರೆಯನ್ನು ಕೇಳಿ ಪಡೆದವರು, ನಿರ್ಜಲ ಉಪವಾಸದ ಬದಲು ರಸತ್ಯಾಗವನ್ನೋ ಸ್ವಾಧ್ಯಾಯವನ್ನೋ ಆರಿಸಿಕೊಂಡು ಪರ್ವವನ್ನು ನೆಮ್ಮದಿಯಾಗಿ ಮುಗಿಸಿದವರು ಇದ್ದೇ ಇದ್ದಾರೆ. ಆದರೆ ಅವರು ಬಾಯಿ ತೆರೆಯುವಂತಿಲ್ಲ. ತೆರೆದರೆ ಮನೆಯ ಮರ್ಯಾದೆ ಹೋಗುತ್ತದೆಯಂತೆ. ಹೀಗೆ ಒಬ್ಬರು ಕಷ್ಟಪಟ್ಟು ಗಳಿಸಿದ ಅರಿವು ಮತ್ತೊಬ್ಬರಿಗೆ ದಕ್ಕದೆ, ಪ್ರತಿಯೊಂದು ಮನೆಯೂ ಅದೇ ಕಲ್ಲಿಗೆ ಹೊಸದಾಗಿ ಎಡವುತ್ತಿದೆ.

ಅನುಭವಸ್ಥರಿಗೆ ಸ್ಥಾನ ಕೊಡುವುದು ಹೊಸ ಕಾಲದ ಹುಚ್ಚು ಎಂದು ಭಾವಿಸುವವರು ಇತಿಹಾಸವನ್ನು ನೋಡುವುದು ಒಳ್ಳೆಯದು. ಮನೋರೋಗಿಗಳ ಸಂಕೋಲೆ ಕಳಚಿದ ಕೀರ್ತಿಯನ್ನು ಜಗತ್ತು ಫ್ರಾನ್ಸಿನ ವೈದ್ಯ ಫಿಲಿಪ್ ಪಿನೆಲ್‌ಗೆ ಸಲ್ಲಿಸುತ್ತದೆ. ಆದರೆ ಪಿನೆಲ್ 1793ರಲ್ಲಿ ಪ್ಯಾರಿಸಿನ ಬಿಸೆತ್ರ್ ಆಸ್ಪತ್ರೆಗೆ ಬಂದಾಗ ಅಲ್ಲಿನ ಮನೋರೋಗಿಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದವನು ಜಾನ್ ಬಾಪ್ತಿಸ್ತ್ ಪುಸ್ಸೆಂ. ಅವನು ವೈದ್ಯನಲ್ಲ, ಚರ್ಮ ಹದಮಾಡುವ ಕಸುಬಿನವನು, ಗಂಡಮಾಲೆಯ ರೋಗಿಯಾಗಿ ಅದೇ ಆಸ್ಪತ್ರೆಗೆ ಸೇರಿ ವಾಸಿಯಾಗಿ ಅಲ್ಲಿಯೇ ಉಳಿದವನು. ಚೇತರಿಸಿಕೊಂಡ ರೋಗಿಗಳನ್ನೇ ಅವನು ಪರಿಚಾರಕರನ್ನಾಗಿ ನೇಮಿಸಿಕೊಳ್ಳುತ್ತಿದ್ದ. ಹೊಡೆತ ಬಡಿತಗಳ ಕಡೆಗೆ ಅವರ ಕೈ ಸುಲಭವಾಗಿ ಹೋಗುತ್ತಿರಲಿಲ್ಲ. ಬಿಸೆತ್ರ್‌ನಲ್ಲಿ 1797ರಲ್ಲಿ ಸಂಕೋಲೆಗಳನ್ನು ತೆಗೆಸಿದವನೂ ಅವನೇ. ಪಿನೆಲ್ ಅವನಿಂದ ಕಲಿತದ್ದನ್ನು ಮರೆಮಾಚಲಿಲ್ಲ.

ಅಮೆರಿಕದಲ್ಲಿ ಕ್ಲಿಫರ್ಡ್ ಬಿಯರ್ಸ್ ಎಂಬ ತರುಣ 1900ರಲ್ಲಿ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು ಸುಮಾರು ಮೂರು ವರ್ಷ ಆಸ್ಪತ್ರೆಗಳಲ್ಲಿದ್ದ. ಅಲ್ಲಿ ಕಂಡ ಕ್ರೌರ್ಯವನ್ನೂ ತಾನು ಚೇತರಿಸಿಕೊಂಡ ಬಗೆಯನ್ನೂ 1908ರಲ್ಲಿ ತನ್ನ ಹೆಸರಿನಲ್ಲಿಯೇ ಪುಸ್ತಕವಾಗಿ ಪ್ರಕಟಿಸಿದ. ಮರುವರ್ಷವೇ ರಾಷ್ಟ್ರಮಟ್ಟದ ಮಾನಸಿಕ ಆರೋಗ್ಯ ಸಮಿತಿಯನ್ನು ಕಟ್ಟಿದ. ಮದ್ಯಪಾನದ ಚಟಕ್ಕೆ ಸಿಲುಕಿದ್ದ ಇಬ್ಬರು, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಶಸ್ತ್ರವೈದ್ಯ, 1935ರಲ್ಲಿ ಓಹಾಯೋದ ಆಕ್ರನ್ ನಗರದಲ್ಲಿ ಪರಸ್ಪರ ಮಾತನಾಡಿಕೊಂಡದ್ದರಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಇಂದು ಭಾರತದ ಅನೇಕ ನಗರಗಳಲ್ಲಿಯೂ ಸೇರುತ್ತವೆ. ಅಲ್ಲಿ ಶುಲ್ಕವಿಲ್ಲ, ಉಪದೇಶಪೀಠವಿಲ್ಲ. ಬಿಟ್ಟವನು ಬಿಡಬೇಕೆನ್ನುವವನೊಡನೆ ಮಾತನಾಡುತ್ತಾನೆ, ಅಷ್ಟೆ.

ಭಾರತವೇನೂ ಹಿಂದುಳಿದಿರಲಿಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಅವರು 1950ರ ದಶಕದಲ್ಲಿ ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರು ಅವರೊಡನೆಯೇ ಇರುವಂತೆ ಮಾಡಿದರು. ಪಕ್ಕದ ಡೇರೆಯ ಹುಡುಗ ದಿನದಿನಕ್ಕೆ ಗುಣಮುಖನಾಗುವುದನ್ನು ಕಣ್ಣಾರೆ ಕಂಡ ತಂದೆತಾಯಿಗಳಿಗೆ ‘ಇದು ವಾಸಿಯಾಗದ ಕಾಯಿಲೆ’ ಎಂಬ ಮಾತನ್ನು ಸುಳ್ಳೆಂದು ಬೇರೆ ಯಾರೂ ಸಾಧಿಸಿ ತೋರಿಸಬೇಕಾಗಲಿಲ್ಲ.

ದೇಶದ ಕಾನೂನು ಕೂಡ ಈ ಮಾತನ್ನು ಒಪ್ಪಿದೆ. 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ಪ್ರಕಾರ ಕೇಂದ್ರ ಮತ್ತು ರಾಜ್ಯ ಪ್ರಾಧಿಕಾರಗಳಲ್ಲಿ ಮಾನಸಿಕ ಕಾಯಿಲೆಯನ್ನು ಅನುಭವಿಸುತ್ತಿರುವ ಅಥವಾ ಅನುಭವಿಸಿದವರ ಪ್ರತಿನಿಧಿಗಳಿಗೂ, ಅವರನ್ನು ನೋಡಿಕೊಳ್ಳುವವರ ಪ್ರತಿನಿಧಿಗಳಿಗೂ ಸ್ಥಾನವುಂಟು. ಸರಕಾರವೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡಿರುವಾಗ ಬಸದಿಯ ಟ್ರಸ್ಟು ಅವರನ್ನು ಮಹಡಿಯ ಕೋಣೆಯಲ್ಲಿಯೇ ಇರಿಸಬೇಕೆ?

ಇದಕ್ಕೆ ಬರುವ ಆಕ್ಷೇಪಗಳು ಮುಖ್ಯವಾಗಿ ಮೂರು.

ಮೊದಲನೆಯದು ವಿದ್ಯಾವಂತರದು: ‘ಓದಿ ಪದವಿ ಪಡೆದವರು ಮಾಡಬೇಕಾದ ಕೆಲಸವನ್ನು ರೋಗಿಯಾಗಿದ್ದವನು ಮಾಡಿದರೆ ಅನಾಹುತವಾಗದೆ?’ ಈ ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ಪ್ರಾಮಾಣಿಕವಾಗಿರಬೇಕು. ಇಂಗ್ಲೆಂಡಿನಲ್ಲಿ ಮನಸ್ಸಿನ ತೀವ್ರ ಸಂಕಟದಿಂದ ಚೇತರಿಸಿಕೊಳ್ಳುತ್ತಿದ್ದ 441 ಮಂದಿಯ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಅನುಭವಸ್ಥರ ನೆರವು ದೊರೆತವರಲ್ಲಿ ಒಂದು ವರ್ಷದೊಳಗೆ ಮತ್ತೆ ತುರ್ತು ಚಿಕಿತ್ಸೆಗೆ ಸೇರಬೇಕಾದವರು ಶೇಕಡಾ 29. ಕೇವಲ ಕೈಪುಸ್ತಕವನ್ನು ಪಡೆದವರಲ್ಲಿ ಶೇಕಡಾ 38. ಅದೇ ದೇಶದಲ್ಲಿ 2022ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಅಂಥ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅನುಭವಸ್ಥರ ಆಸರೆ ಸರ್ವರೋಗಕ್ಕೂ ಮದ್ದೆಂದು ಯಾರೂ ಹೇಳಬಾರದು. ಅದಕ್ಕೆ ಮೇರೆಗಳು ಬೇಕು. ಅನುಭವಸ್ಥನು ಯಾರ ಮಾತ್ರೆಯನ್ನೂ ಬದಲಿಸಕೂಡದು, ನಿಲ್ಲಿಸೆನ್ನಕೂಡದು. ತನಗೆ ಫಲಿಸಿದ್ದು ಎಲ್ಲರಿಗೂ ಫಲಿಸುತ್ತದೆಂದು ಸಾಧಿಸಕೂಡದು. ಏಕಾಂತವಾದದ ದೋಷವನ್ನು ಅನೇಕಾಂತದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಯುವ ಮಾತು ಬಂದೊಡನೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ರಾತ್ರಿ ವೇಳೆಯಾದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಬೇಕು. ಅವನ ಕಾಯಿಲೆಯೇ ಮರುಕಳಿಸಿದರೆ ಅವನು ಹೊರೆ ಇಳಿಸಿ ಕುಳಿತುಕೊಳ್ಳಲು ಅವಕಾಶವಿರಬೇಕು. ಇಷ್ಟು ಮೇರೆಗಳಿದ್ದ ಮೇಲೆ ಆಕ್ಷೇಪದಲ್ಲಿ ಉಳಿಯುವುದು ಅಂತಸ್ತಿನ ಪ್ರಶ್ನೆಯೊಂದೇ.

ಎರಡನೆಯದು ಧರ್ಮದ ಹೆಸರಿನಲ್ಲಿ ಬರುವ ಮಾತು: ‘ಇದು ಅಸಾತಾವೇದನೀಯ ಕರ್ಮದ ಉದಯ, ಅನುಭವಿಸಿ ತೀರಿಸಬೇಕು.’ ಹಾಗಾದರೆ ಕಾಲು ಮುರಿದಾಗ ಮೂಳೆ ಕಟ್ಟಿಸುವುದೇಕೆ? ಕಣ್ಣಿನ ಪೊರೆ ತೆಗೆಸಲು ಟ್ರಸ್ಟುಗಳು ಶಿಬಿರ ನಡೆಸುವುದೇಕೆ? ವೈಯಾವೃತ್ಯವನ್ನು ಅಂತರಂಗ ತಪಸ್ಸೆಂದು ಎಣಿಸಿದ ತತ್ತ್ವಾರ್ಥಸೂತ್ರವು ಆ ಸೇವೆಗೆ ಅರ್ಹರಾದವರಲ್ಲಿ ಗ್ಲಾನನನ್ನು, ಎಂದರೆ ರೋಗಪೀಡಿತ ಮುನಿಯನ್ನು, ಹೆಸರಿಸಿದೆ. ಕರ್ಮಸಿದ್ಧಾಂತವು ತನ್ನ ನೋವನ್ನು ತಾಳಿಕೊಳ್ಳಲು ಬಲ ಕೊಡುವ ತತ್ತ್ವ. ಇನ್ನೊಬ್ಬನ ನೋವಿನಿಂದ ಮುಖ ತಿರುಗಿಸಲು ಕೊಟ್ಟ ಪರವಾನಗಿಯಲ್ಲ.

ಮೂರನೆಯದೇ ನಿಜವಾದ ಆಕ್ಷೇಪ. ಉಳಿದೆರಡೂ ಅದರ ಮುಸುಕುಗಳು. ಅದು ಮದುವೆಯ ಭಯ. ‘ಒಬ್ಬಳ ವಿಷಯ ಹೊರಬಿದ್ದರೆ ತಂಗಿಯರಿಗೂ ಗಂಡು ಸಿಗದು’ ಎಂಬ ಆತಂಕ ಸುಳ್ಳಲ್ಲ. ಆದರೆ ಮುಚ್ಚಿಟ್ಟು ಮಾಡಿದ ಮದುವೆಯ ಫಲವನ್ನೂ ಸಮಾಜ ಕಂಡಿದೆ. ಅತ್ತೆಯ ಕಣ್ಣಿಗೆ ಬಿದ್ದೀತೆಂದು ಹೊಸ ಸೊಸೆ ಮಾತ್ರೆಯ ಡಬ್ಬಿಯನ್ನು ತವರಿನಲ್ಲಿಯೇ ಬಿಟ್ಟು ಬರುತ್ತಾಳೆ. ಕೆಲವೇ ತಿಂಗಳಲ್ಲಿ ಕಾಯಿಲೆ ಮರುಕಳಿಸುತ್ತದೆ. ಎರಡೂ ಮನೆಗಳು ನ್ಯಾಯಾಲಯದ ಮೆಟ್ಟಿಲು ಹತ್ತುತ್ತವೆ. ಜೈನರಿಗೂ ಅನ್ವಯವಾಗುವ 1955ರ ಹಿಂದೂ ವಿವಾಹ ಕಾಯಿದೆಯು ಮಾನಸಿಕ ಕಾಯಿಲೆ ಇದ್ದ ಮಾತ್ರಕ್ಕೆ ಮದುವೆ ಕೂಡದೆನ್ನುವುದಿಲ್ಲ. ಕಾಯಿಲೆಯ ಬಗೆಯನ್ನೂ ತೀವ್ರತೆಯನ್ನೂ ನೋಡುತ್ತದೆ. ಆದರೆ ಮುಖ್ಯ ಸಂಗತಿಯನ್ನು ವಂಚನೆಯಿಂದ ಮರೆಮಾಚಿ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ರದ್ದುಪಡಿಸಲು ಅದರಲ್ಲಿ ಅವಕಾಶವುಂಟು. ಎಂದಮೇಲೆ ಮಗಳ ಬಾಳನ್ನು ಅಪಾಯಕ್ಕೆ ಒಡ್ಡುವುದು ಸತ್ಯವೋ, ಮೌನವೋ? ಮೊದಲೇ ಹೇಳಿ ಮದುವೆಯಾಗಿ, ಔಷಧವನ್ನು ಅಡುಗೆಮನೆಯ ಗೂಡಿನಲ್ಲಿಯೇ ಇಟ್ಟುಕೊಂಡು ಸಂಸಾರ ನಡೆಸುತ್ತಿರುವ ಒಬ್ಬ ಅಕ್ಕನ ಮಾತು ಇಂಥ ತಾಯಿಗೆ ಕೊಡುವ ಧೈರ್ಯವನ್ನು ಯಾವ ಉಪನ್ಯಾಸವೂ ಕೊಡಲಾರದು.

ಇಲ್ಲಿ ಶಾಸ್ತ್ರದ ಕಥೆಗಳ ಕಡೆಗೆ ತಿರುಗುವುದು ಉಚಿತ. ರತ್ನಕರಂಡ ಶ್ರಾವಕಾಚಾರವು ಸ್ಥಿತಿಕರಣಕ್ಕೆ ಉದಾಹರಣೆಯಾಗಿ ಹೆಸರಿಸುವುದು ವಾರಿಷೇಣನನ್ನು. ಶ್ರೇಣಿಕ ಮಹಾರಾಜನ ಮಗನಾಗಿದ್ದು ಮುನಿಯಾದ ವಾರಿಷೇಣನಂತೆಯೇ ದೀಕ್ಷೆ ಪಡೆದ ಮಿತ್ರ ಪುಷ್ಪಡಾಲ ಹನ್ನೆರಡು ವರ್ಷ ಕಳೆದರೂ ಬಿಟ್ಟುಬಂದ ಹೆಂಡತಿಯನ್ನು ಮರೆಯಲಾರದೆ ಒಳಗೇ ಬೇಯುತ್ತಿದ್ದ. ವಾರಿಷೇಣ ಅವನಿಗೆ ಉಪದೇಶ ಮಾಡಲಿಲ್ಲ. ಸಂಘದಲ್ಲಿ ಅವನನ್ನು ನಾಚಿಸಲಿಲ್ಲ. ಅವನ ತಳಮಳವನ್ನು ಕಾಣದವನಂತೆ ಸುಮ್ಮನಿರಲೂ ಇಲ್ಲ. ಅವನನ್ನು ರಾಜಗೃಹದ ತನ್ನ ಅರಮನೆಗೆ ಕರೆದುಕೊಂಡು ಹೋದ. ತಾಯಿಯ ಮೂಲಕ ತನ್ನ ಮಡದಿಯರನ್ನು ಕರೆಸಿ, ತಾನು ಬಿಟ್ಟುಬಂದದ್ದು ಏನೆಂಬುದನ್ನು ಮಿತ್ರನ ಕಣ್ಣೆದುರಿಗೆ ಇಟ್ಟ. ಪುಷ್ಪಡಾಲ ಸ್ಥಿರನಾದ. ವಾರಿಷೇಣನ ಮಾತಿಗೆ ತೂಕ ಬಂದದ್ದು ಎಲ್ಲಿಂದ? ಅವನೂ ಮನೆ ಬಿಟ್ಟವನು, ಅದೇ ಹಾದಿಯಲ್ಲಿ ನಡೆದವನು ಎಂಬುದರಿಂದ. ಸಮಾನ ಅನುಭವವುಳ್ಳವನು ಪಕ್ಕದಲ್ಲಿ ನಡೆಯುವುದಕ್ಕಿಂತ ಬೇರೆಯಾದ ಸ್ಥಿತಿಕರಣವನ್ನು ಈ ಕಥೆ ಕಲಿಸುವುದಿಲ್ಲ. ಉಪಗೂಹನಕ್ಕೆ ಹೆಸರಾದ ಶ್ರೇಷ್ಠಿ ಜಿನೇಂದ್ರಭಕ್ತನೂ ಅಷ್ಟೆ. ವೇಷಧಾರಿ ಕಳ್ಳನ ಅಪರಾಧವನ್ನು ಅವನು ಜನರೆದುರು ಮುಚ್ಚಿದ, ಆದರೆ ತಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಜನರಿಂದ ಕಾಪಾಡುವುದು ಬೇರೆ, ಇಲ್ಲವೆಂದು ನಟಿಸುವುದು ಬೇರೆ.

ಉಪಗೂಹನಕ್ಕೆ ಈ ವಿಷಯದಲ್ಲಿ ಸರಿಯಾದ ಸ್ಥಾನವೂ ಉಂಟು. ನೊಂದವರು ಕುಳಿತು ಆಡಿದ ಮಾತು ಆ ಕೋಣೆಯ ಹೊಸ್ತಿಲನ್ನು ದಾಟಕೂಡದು. ಯಾರ ಹೆಸರನ್ನೂ ಅವರ ಒಪ್ಪಿಗೆಯಿಲ್ಲದೆ ಯಾರೂ ಉಚ್ಚರಿಸಕೂಡದು. ಹೇಳಬೇಕೋ ಬೇಡವೋ ಎಂಬ ತೀರ್ಮಾನ ಕಾಯಿಲೆ ಅನುಭವಿಸಿದವರದು. ಮನೆಯ ಯಜಮಾನರದೂ ಅಲ್ಲ, ಟ್ರಸ್ಟಿನ ಅಧ್ಯಕ್ಷರದೂ ಅಲ್ಲ.

ಬಸದಿಗಳ ಟ್ರಸ್ಟುಗಳು ಏನು ಮಾಡಬಹುದು? ಕರ್ನಾಟಕದ ಜೈನ ಶಾಸನಗಳು ಮತ್ತೆ ಮತ್ತೆ ಹೊಗಳುವ ನಾಲ್ಕು ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರ ದಾನಗಳು ಇಂದಿಗೂ ನಡೆಯುತ್ತಿವೆ. ಅಭಯದಾನವು ಪಂಜರದ ಹಕ್ಕಿಯನ್ನು ಹಾರಿಬಿಡುವುದಕ್ಕೂ ಗೋಶಾಲೆಗೂ ಸೀಮಿತವಾಗಿದೆ. ಭಯದಲ್ಲಿರುವ ಮನುಷ್ಯನಿಗೂ ಅಭಯ ಸಲ್ಲಬೇಕು. ಅದಕ್ಕೆ ಬೇಕಾದದ್ದು ಸಮುದಾಯ ಭವನದಲ್ಲಿ ಒಂದು ಕೋಣೆ, ಒಂದು ಚಾಪೆ, ಕುಡಿಯುವ ನೀರು; ತಿಂಗಳಿಗೆ ಎರಡು ಸಂಜೆ. ಕೋಣೆ ಬಸದಿಯ ಮುಂಭಾಗದಲ್ಲಿರದೆ ಯಾರು ಬಂದರು ಹೋದರು ಎಂದು ಎಣಿಸಲಾಗದ ಜಾಗದಲ್ಲಿರಲಿ. ಹೆಂಗಸರಿಗೆ ಬೇರೆ ದಿನವಿರಲಿ; ಮನೆಯಲ್ಲಿ ರೋಗಿಯನ್ನು ನೋಡಿಕೊಂಡು ದಣಿದವರಿಗೂ ಒಂದು ದಿನವಿರಲಿ. ಚೇತರಿಸಿಕೊಂಡವರಲ್ಲಿ ಇಚ್ಛೆಯುಳ್ಳ ಇಬ್ಬರು ಮೂವರಿಗೆ ಮನೋವೈದ್ಯರಿಂದ ಮೊದಲು ತರಬೇತಿ ಕೊಡಿಸಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದೊಡನೆ ಸಂಪರ್ಕವಿರಿಸಿಕೊಳ್ಳಲಿ. ಪಂಚಕಲ್ಯಾಣದ ಒಂದು ದಿನದ ಪೆಂಡಾಲಿಗೆ ಆಗುವ ಖರ್ಚು ವರ್ಷವಿಡೀ ಇದನ್ನು ನಡೆಸಲು ಸಾಕು.

ಇನ್ನು ವೇದಿಕೆಯ ಮಾತು. ಟ್ರಸ್ಟುಗಳು ಆರೋಗ್ಯ ಶಿಬಿರ ನಡೆಸಿದಾಗ ವೇದಿಕೆಯ ಮೇಲೆ ವೈದ್ಯರು, ದಾನಿಗಳು, ಪದಾಧಿಕಾರಿಗಳು ಕುಳಿತಿರುತ್ತಾರೆ. ಶಾಲು, ಹಾರ, ಸ್ಮರಣಿಕೆ ಎಲ್ಲವೂ ಅವರಿಗೆ. ಯಾರಿಗಾಗಿ ಶಿಬಿರವೋ ಅವರು ಕೆಳಗೆ, ಹಿಂದಿನ ಸಾಲಿನಲ್ಲಿ, ತಲೆ ತಗ್ಗಿಸಿ. ಒಂದೇ ಒಂದು ಕುರ್ಚಿಯನ್ನು ಕಾಯಿಲೆಯನ್ನು ದಾಟಿ ಬಂದವರಿಗಾಗಿ ತೆರವು ಮಾಡಿ, ಅವರು ಒಪ್ಪಿದರೆ ಹತ್ತು ನಿಮಿಷ ಅವರ ಮಾತನ್ನು ಕೇಳಿದರೆ ಸಭೆಯ ಗೌರವಕ್ಕೆ ಚ್ಯುತಿ ಬಾರದು. ಟ್ರಸ್ಟಿನ ಕಚೇರಿಯಲ್ಲಿ, ಭೋಜನಶಾಲೆಯಲ್ಲಿ, ಗ್ರಂಥಭಂಡಾರದಲ್ಲಿ ಕೆಲಸ ಖಾಲಿಯಾದಾಗ ‘ಅವನಿಗೆ ತಲೆ ಸರಿಯಿಲ್ಲದೆ ಇತ್ತಲ್ಲ’ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ಬದಿಗಿಡುವ ಪದ್ಧತಿಯೂ ನಿಲ್ಲಬೇಕು. ಕೆಲಸ ಕೊಡದೆ ಕೊಟ್ಟ ಅಭಯ ಬಾಯಿಮಾತು.

ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ಸೂತ್ರವನ್ನು ಲಗ್ನಪತ್ರಿಕೆಯ ಮೇಲೂ ಟ್ರಸ್ಟಿನ ಕಾಗದದ ಮೇಲೂ ಅಚ್ಚು ಹಾಕಿಸದ ಮನೆಯಿಲ್ಲ. ಪರಸ್ಪರ ಎಂಬ ಮಾತಿನಲ್ಲಿ ಕೊಡುವವನು ಎಂದೂ ಮೇಲೆ, ಪಡೆಯುವವನು ಎಂದೂ ಕೆಳಗೆ ಎಂಬ ಏರ್ಪಾಡಿಲ್ಲ. ನಿನ್ನೆ ಆಸರೆ ಪಡೆದವನು ಇಂದು ಆಸರೆಯಾಗಬಲ್ಲ. ಆಗಲು ಅವನಿಗೆ ಅವಕಾಶ ಕೊಡದಿರುವುದು ಅವನಿಗೂ ಅನ್ಯಾಯ, ಈಗ ಕುಸಿಯುತ್ತಿರುವವನಿಗೂ ಅನ್ಯಾಯ. ಮುಂದಿನ ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಬರುವುದರೊಳಗೆ ಪ್ರತಿಯೊಂದು ಟ್ರಸ್ಟೂ ಆ ಒಂದು ಕೋಣೆಯ ಬೀಗವನ್ನು ತೆಗೆಯಲಿ. ಪ್ರತಿಯೊಂದು ಮನೆಯೂ ಮಹಡಿಯ ಕೋಣೆಯ ಬಾಗಿಲನ್ನು ತೆರೆಯಲಿ.